ಮಾಸ್ಟ್ ಲಿಫ್ಟ್ ಹೇಗೆ ಏರುತ್ತದೆ, ಹತ್ತುವ ಮೊದಲು ಏನು ನೋಡಬೇಕು

ಒಬ್ಬರು ನಿಲ್ಲುವಷ್ಟೇ ಜಾಗದ ಪ್ಲಾಟ್‌ಫಾರ್ಮ್. ಅದರ ಬೆನ್ನಿಗೆ ಮಾಸ್ಟ್ ಅನ್ನುವ ಅಲ್ಯೂಮಿನಿಯಂ ಕಂಬ. ಬಟನ್ ಒತ್ತಿದರೆ ಕಂಬದೊಳಗಿನಿಂದ ಇನ್ನೊಂದು ಕಂಬ, ಅದರೊಳಗಿನಿಂದ ಮತ್ತೊಂದು ಹೊರಗೆ ಬರುತ್ತದೆ. ನೋಡನೋಡುತ್ತಲೇ ನೀವು ಒಂಬತ್ತು ಮೀಟರ್ ಮೇಲಿರುತ್ತೀರಿ. ಎತ್ತರದ ಹಾಲ್‌ನಲ್ಲಿ ದೀಪ ಬದಲಿಸುವುದಕ್ಕೆ, ಗೋದಾಮಿನ ಚಾವಣಿಯ ಪೈಪ್ ನೋಡುವುದಕ್ಕೆ, ಎಸಿ ಡಕ್ಟ್ ಸರಿಮಾಡುವುದಕ್ಕೆ ತುಂಬ ಅನುಕೂಲದ ಯಂತ್ರ ಇದು. ಮಡಚಿದಾಗ ಮಾಮೂಲಿ ಬಾಗಿಲಲ್ಲೇ ತಳ್ಳಿಕೊಂಡು ಹೋಗಬಹುದು.

ನಾನು ಈ ಯಂತ್ರಗಳ ಸರ್ವೀಸ್ ಮಾಡುವವಳು. ಹೊಸಬರಿಗೆ ಇದನ್ನು ನಡೆಸುವುದನ್ನು ಕಲಿಸುವುದೂ ನನ್ನ ಕೆಲಸವೇ. ಕಲಿಯಲು ಬಂದವರು ಮೊದಲು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಮೇಡಂ, ಚೈನ್ ಕಟ್ ಆದ್ರೆ ಧೊಪ್ ಅಂತ ಕೆಳಗೆ ಬೀಳ್ತೀವಾ?" ಭಯ ಸಹಜ. ಆದರೆ ಚೈನ್ ಕಟ್ ಆಗುವುದು, ಮಾಸ್ಟ್ ಮುರಿಯುವುದು ಅಪರೂಪ. ಇಡೀ ಯಂತ್ರ ಪಕ್ಕಕ್ಕೆ ಮಗುಚುವುದು, ಮನುಷ್ಯ ಕಟಕಟೆ ದಾಟಿ ಬೀಳುವುದು, ಕರೆಂಟ್ ತಂತಿ ತಾಗುವುದು, ಮೇಲಿನ ತೊಲೆಗೂ ಯಂತ್ರಕ್ಕೂ ನಡುವೆ ಸಿಕ್ಕಿಕೊಳ್ಳುವುದು: ಜೀವ ಹೋಗುವುದು ಬಹುಪಾಲು ಇವುಗಳಿಂದ. ನಾನು ಕಲಿಸುವಾಗ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಗುಚುವುದರ ಬಗ್ಗೆಯೇ ಮಾತಾಡುತ್ತೇನೆ. ಇಲ್ಲೂ ಹಾಗೇ ಮಾಡುತ್ತೇನೆ. ಅದಕ್ಕೆ ಮೊದಲು ಯಂತ್ರದ ಒಳಗೆ ಏನಿದೆ ನೋಡೋಣ.

ಮಾಸ್ಟ್ ಒಳಗೆ

ಹಳೆಯ ರೇಡಿಯೋದ ಆಂಟೆನಾ ನೋಡಿದ್ದೀರಲ್ಲ, ಒಂದರೊಳಗೆ ಒಂದು ಕೊಳವೆ ಕೂತಿರುತ್ತದೆ. ಮಾಸ್ಟ್ ಕೂಡ ಹಾಗೇ. ಆದರೆ ಆಂಟೆನಾದಲ್ಲಿ ತುಂಡುಗಳು ಒಂದಾದ ಮೇಲೆ ಒಂದು ಹೊರಬರುತ್ತವೆ. ಚೈನ್ ಇರುವ ಮಾಸ್ಟ್‌ನಲ್ಲಿ ಎಲ್ಲ ತುಂಡುಗಳೂ ಒಟ್ಟಿಗೆ ಏರುತ್ತವೆ.

ಅದು ಹೇಗೆ ಅಂದರೆ, ಕೆಳಗೆ ಒಂದು ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ. ಬ್ಯಾಟರಿಯಿಂದ ಓಡುವ ಮೋಟಾರು ಪಂಪ್ ತಿರುಗಿಸುತ್ತದೆ, ಪಂಪ್ ಎಣ್ಣೆಯನ್ನು ಸಿಲಿಂಡರ್‌ಗೆ ತಳ್ಳುತ್ತದೆ. ಸಿಲಿಂಡರ್ ನೇರವಾಗಿ ಎತ್ತುವುದು ಮೊದಲನೆಯ ತುಂಡನ್ನು ಮಾತ್ರ. ಆ ತುಂಡಿನ ತಲೆಯ ಮೇಲೆ ಒಂದು ರಾಟೆ. ರಾಟೆಯ ಮೇಲೆ ಹಾದ ಚೈನಿನ ಒಂದು ತುದಿ ಅಲುಗದ ಹೊರ ಕಂಬಕ್ಕೆ ಕಟ್ಟಿದೆ, ಇನ್ನೊಂದು ತುದಿ ಮುಂದಿನ ತುಂಡಿನ ಬುಡಕ್ಕೆ. ಮೊದಲ ತುಂಡು ಏರಿದಾಗ ರಾಟೆಯೂ ಏರುತ್ತದೆ, ಚೈನು ಎರಡನೆಯ ತುಂಡನ್ನು ಎಳೆದುಕೊಳ್ಳುತ್ತದೆ. ಎರಡನೆಯದರ ತಲೆಯ ರಾಟೆ ಮೂರನೆಯದನ್ನು ಎಳೆಯುತ್ತದೆ. ಹೀಗಾಗಿ ಮೊದಲ ತುಂಡು 1 ಮೀಟರ್ ಏರುವ ಹೊತ್ತಿಗೆ ಎರಡನೆಯದು ನೆಲದ ಲೆಕ್ಕದಲ್ಲಿ 2 ಮೀಟರ್, ಮೂರನೆಯದು 3 ಮೀಟರ್ ಏರಿರುತ್ತದೆ. ಪ್ಲಾಟ್‌ಫಾರ್ಮ್ ಇರುವುದು ಕೊನೆಯ ತುಂಡಿಗೆ. ಸಣ್ಣ ಸಿಲಿಂಡರ್ ಇಷ್ಟು ಎತ್ತರ ಕೊಡುವುದು ಹೀಗೆ.

ಆದರೆ ಈ ಲಾಭ ಪುಕ್ಕಟೆ ಬರುವುದಿಲ್ಲ. ಎತ್ತರ ಮೂರು ಪಟ್ಟಾದರೆ ಸಿಲಿಂಡರ್ ಹೊರುವ ಭಾರವೂ ಮೂರು ಪಟ್ಟಾಗುತ್ತದೆ. ಪ್ಲಾಟ್‌ಫಾರ್ಮ್‌ನಲ್ಲಿ 10 ಕೆ.ಜಿ. ಹೆಚ್ಚು ಇಟ್ಟರೆ ಸಿಲಿಂಡರ್‌ಗೆ 30 ಕೆ.ಜಿ. ಹೆಚ್ಚು ಇಟ್ಟ ಹಾಗೆ. "ಇನ್ನೊಂದು ಪೆಟ್ಟಿಗೆ ತಾನೇ, ಇಡಿ" ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ಇಳಿಯುವುದಕ್ಕೆ ಪಂಪ್ ಬೇಕಿಲ್ಲ. ಇಳಿಸುವ ವಾಲ್ವ್ ತೆರೆದರೆ ಸ್ವಂತ ಭಾರಕ್ಕೇ ಎಣ್ಣೆ ಟ್ಯಾಂಕಿಗೆ ಮರಳುತ್ತದೆ. ದಾರಿಯಲ್ಲಿ ಒಂದು ಚಿಕ್ಕ ತೂತು ಇಟ್ಟಿರುತ್ತಾರೆ. ಎಣ್ಣೆ ಅದರಲ್ಲಿ ನಿಧಾನವಾಗಿಯೇ ಹರಿಯಬೇಕು, ಹಾಗಾಗಿ ವೇಗ ಒಂದು ಮಿತಿ ದಾಟುವುದಿಲ್ಲ. ಆ ವಾಲ್ವ್ ತೆರೆಯುವುದಕ್ಕೆ ಕರೆಂಟ್ ಬೇಕು. ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುತ್ತದೆ. ಅಂದರೆ ಬ್ಯಾಟರಿ ಖಾಲಿಯಾದರೆ ನೀವು ಬೀಳುವುದಿಲ್ಲ, ಇದ್ದಲ್ಲೇ ನಿಲ್ಲುತ್ತೀರಿ. ಎಣ್ಣೆಯ ಹೋಸ್ ಒಡೆದರೂ ಅಷ್ಟೇ. ಎಣ್ಣೆಯನ್ನು ತಡೆದು ನಿಲ್ಲಿಸುವ ವಾಲ್ವ್ ಸಿಲಿಂಡರ್‌ನ ಬಾಯಿಯಲ್ಲೇ ಇರುತ್ತದೆ, ಹೋಸ್‌ನ ಆಚೆ ತುದಿಯಲ್ಲಿ ಅಲ್ಲ.

ಇನ್ನು ಚೈನು. ಇದು ಸೈಕಲ್ ಚೈನ್ ಅಲ್ಲ. ಫೋರ್ಕ್‌ಲಿಫ್ಟ್‌ನಲ್ಲಿ ಬಳಸುವ ಜಾತಿಯದು, ತೆಳು ಉಕ್ಕಿನ ಪಟ್ಟಿಗಳನ್ನು ಒತ್ತೊತ್ತಾಗಿ ಪೋಣಿಸಿರುತ್ತಾರೆ. ಅದು ಏಕಾಏಕಿ ಕಟ್ ಆಗುವುದು ತೀರಾ ಕಡಿಮೆ. ಮೊದಲು ಪಿನ್ನುಗಳು ಸವೆದು ಚೈನು ಉದ್ದವಾಗುತ್ತದೆ. ಸಾಮಾನ್ಯವಾಗಿ ನೂರಕ್ಕೆ 2 ಅಥವಾ 3ರಷ್ಟು ಉದ್ದವಾದರೆ ಬದಲಿಸಲೇಬೇಕು. ಯಾವ ಮಿತಿ ಅನ್ನುವುದು ಆ ಯಂತ್ರದ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಒಂದು ಮೀಟರ್ ಚೈನಿಗೆ ಎರಡು ಮೂರು ಸೆಂಟಿಮೀಟರ್ ಅಂದರೆ ಕಣ್ಣಿಗೆ ಕಾಣುವುದಿಲ್ಲ, ಅಳತೆ ಮಾಡಿಯೇ ನೋಡಬೇಕು. ನಾನು ಚೈನಿನ ಮೇಲೆ ಭಾರ ಬಿದ್ದಿರುವಾಗ, ರಾಟೆಯ ಮೇಲೆ ಜಾಸ್ತಿ ಓಡಾಡುವ ಭಾಗದಲ್ಲೇ ಅಳೆಯುತ್ತೇನೆ. ತುದಿಯಲ್ಲಿ ಅಳೆದರೆ ಹೊಸ ಚೈನಿನ ಹಾಗೇ ತೋರಿಸುತ್ತದೆ.

ತುಂಡುಗಳ ನಡುವೆ ಪ್ಲಾಸ್ಟಿಕ್ ಜಾತಿಯ ಪ್ಯಾಡ್‌ಗಳಿರುತ್ತವೆ. ಅವು ಸವೆದರೆ ಮಾಸ್ಟ್ ಲೊಡಲೊಡ ಅಲ್ಲಾಡುತ್ತದೆ. ಮೇಲೆ ಹೋದಾಗ ಸ್ವಲ್ಪ ತೂಗಾಡುವುದು ಮಾಮೂಲು. ಹಿಂದಿಗಿಂತ ಜಾಸ್ತಿ ತೂಗಾಡುತ್ತಿದೆ ಅನಿಸಿದರೆ ಇಳಿದು ಹೇಳಿ.

ಮಗುಚುವುದು: ಇಲ್ಲಿ ನಿಧಾನವಾಗಿ ಓದಿ

ಒಂದು ಲೆಕ್ಕ ಮಾಡೋಣ. ಯಂತ್ರ, ಮನುಷ್ಯ, ಸಾಮಾನು ಎಲ್ಲ ಸೇರಿ 500 ಕೆ.ಜಿ. ಅಂದುಕೊಳ್ಳಿ. ಅಂದರೆ ಸುಮಾರು 5,000 ನ್ಯೂಟನ್ ಭಾರ. ಬಾಗಿಲಲ್ಲಿ ತೂರಬೇಕಾದ ಯಂತ್ರದ ಅಗಲ 74 ಸೆಂಟಿಮೀಟರ್ ಅನ್ನೋಣ. ನಡುವಿನಿಂದ ಅಂಚಿಗೆ 0.37 ಮೀಟರ್. ಮಗುಚದಂತೆ ಹಿಡಿದಿಡುವ ಶಕ್ತಿ 5,000 ಗುಣಿಸು 0.37, ಅಂದರೆ 1,850 ನ್ಯೂಟನ್ ಮೀಟರ್.

ಈಗ ಪ್ಲಾಟ್‌ಫಾರ್ಮ್ 9 ಮೀಟರ್ ಮೇಲಿದೆ. ನೀವು ಸೊಂಟದೆತ್ತರದಲ್ಲಿ ಡ್ರಿಲ್ ಹಿಡಿದು ಗೋಡೆಗೆ ಒತ್ತುತ್ತೀರಿ. ಗೋಡೆ ಅಷ್ಟೇ ಬಲದಲ್ಲಿ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ನೆಲದಿಂದ 10 ಮೀಟರ್ ಎತ್ತರದಲ್ಲಿ 200 ನ್ಯೂಟನ್, ಅಂದರೆ ಸುಮಾರು 20 ಕೆ.ಜಿ. ಒತ್ತಡ. ಗುಣಿಸಿದರೆ 2,000 ನ್ಯೂಟನ್ ಮೀಟರ್. ಹಿಡಿದಿಡುವ 1,850ಕ್ಕಿಂತ ಜಾಸ್ತಿ ಆಯಿತು. ಯಂತ್ರ ಮಗುಚುತ್ತದೆ. ಯಾವ ಭಾಗವೂ ಕೆಟ್ಟಿಲ್ಲ, ಎಲ್ಲ ಹೊಸದು, ಆದರೂ ಮಗುಚುತ್ತದೆ.

ಔಟ್‌ರಿಗರ್ ಅನ್ನುವ ನಾಲ್ಕು ಕಾಲುಗಳು ಇರುವುದೇ ಇದಕ್ಕೆ. ಅವನ್ನು ಹೊರಗೆ ಚಾಚಿ ಊರಿದರೆ ನಡುವಿನಿಂದ ಅಂಚಿಗೆ ದೂರ 0.75 ಮೀಟರ್ ಆಯಿತು ಅನ್ನಿ. ಹಿಡಿದಿಡುವ ಶಕ್ತಿ 3,750ಕ್ಕೆ ಏರಿತು. ಈಗ ಅದೇ 200 ನ್ಯೂಟನ್ ತಳ್ಳಿದರೂ ನಿಲ್ಲುತ್ತದೆ. ಆದರೆ ಗಮನಿಸಿ, ನಿಮ್ಮ ಕೈಯಲ್ಲಿರುವ ಅಂತರ ಎರಡು ಪಟ್ಟಿನಷ್ಟೂ ಇಲ್ಲ. ಜನರನ್ನು ಎತ್ತುವ ಇಂಥ ಯಂತ್ರಗಳಿಗಿರುವ ಯುರೋಪಿನ ಇಎನ್ 280 ಮಾನದಂಡದಲ್ಲಿ ಒಬ್ಬರೇ ನಿಲ್ಲುವ ಪ್ಲಾಟ್‌ಫಾರ್ಮ್‌ಗೆ ಲೆಕ್ಕ ಹಿಡಿಯುವ ಪಕ್ಕದ ತಳ್ಳಾಟವೂ 200 ನ್ಯೂಟನ್ನೇ. ಯಂತ್ರದ ಮೇಲಿನ ಫಲಕದಲ್ಲಿ ಈ ಸಂಖ್ಯೆ ಬರೆದಿರುತ್ತದೆ. ಎಷ್ಟು ಕೆ.ಜಿ. ಹೊರುತ್ತದೆ ಅನ್ನುವುದನ್ನು ಎಲ್ಲರೂ ಓದುತ್ತಾರೆ, ಪಕ್ಕಕ್ಕೆ ಎಷ್ಟು ತಳ್ಳಬಹುದು ಅನ್ನುವುದನ್ನು ಯಾರೂ ಓದುವುದಿಲ್ಲ. ದಯವಿಟ್ಟು ಓದಿ. ತುಕ್ಕು ಹಿಡಿದ ಬೋಲ್ಟ್ ಬಿಚ್ಚಲು ಮೈಭಾರ ಹಾಕಿ ಸ್ಪ್ಯಾನರ್ ಎಳೆಯುವುದು, ಸಿಕ್ಕಿಕೊಂಡ ಕೇಬಲ್ಲನ್ನು ಜಗ್ಗುವುದು, ಕಾಂಕ್ರೀಟಿಗೆ ದೊಡ್ಡ ತೂತು ಕೊರೆಯುವುದು, ಇವೆಲ್ಲ 200 ನ್ಯೂಟನ್ ಸುಲಭವಾಗಿ ದಾಟುತ್ತವೆ. ಅಂಥ ಕೆಲಸಕ್ಕೆ ಬೇರೆ ದೊಡ್ಡ ಯಂತ್ರ ತರಿಸಿ.

ಒಳ್ಳೆಯ ಯಂತ್ರದಲ್ಲಿ ಪ್ರತಿ ಔಟ್‌ರಿಗರ್‌ಗೂ ಒಂದು ಸೆನ್ಸರ್ ಇರುತ್ತದೆ. ನಾಲ್ಕೂ ಕಾಲು ನೆಲಕ್ಕೆ ಬಿಗಿಯಾಗಿ ಊರಿದಾಗ ನಾಲ್ಕು ದೀಪ ಹತ್ತುತ್ತವೆ. ಆಮೇಲೆ ಮಾತ್ರ ಮಾಸ್ಟ್ ಏರುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಒಂದು ಕಾಲು ಚಾಚಲು ಆಗದಿದ್ದಾಗ ಸೆನ್ಸರ್‌ಗೆ ಟೇಪ್ ಸುತ್ತಿ ಯಂತ್ರಕ್ಕೆ ಮೋಸ ಮಾಡಿದ್ದನ್ನು ನಾನು ನೋಡಿದ್ದೇನೆ. ಮೇಲಿನ ಲೆಕ್ಕ ನೋಡಿದ ಮೇಲೆ ಅದು ಎಂಥ ಕೆಲಸ ಅಂತ ನಿಮಗೇ ತಿಳಿಯುತ್ತದೆ. ಅಂಥ ಯಂತ್ರ ನನ್ನ ಕೈಗೆ ಬಂದರೆ ಸರಿಯಾಗುವವರೆಗೆ ನಾನು ಕೀಲಿ ಕೊಡುವುದಿಲ್ಲ.

ನೆಲ ಸಮ ಇರಬೇಕು. ಬುಡದಲ್ಲಿ 1 ಡಿಗ್ರಿ ವಾಲಿದರೆ 10 ಮೀಟರ್ ಮೇಲೆ ನೀವು 17 ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. 3 ಡಿಗ್ರಿ ವಾಲಿದರೆ 52 ಸೆಂಟಿಮೀಟರ್. ಯಂತ್ರದ ಬುಡದಲ್ಲಿ ಚಿಕ್ಕ ರಸಮಟ್ಟ ಇರುತ್ತದೆ, ಗುಳ್ಳೆ ನಡುವೆ ಬರುವವರೆಗೆ ಕಾಲುಗಳನ್ನು ತಿರುಗಿಸಿ. ಮ್ಯಾನ್‌ಹೋಲ್ ಮುಚ್ಚಳ, ಚರಂಡಿಯ ಜಾಲರಿ, ಕೇಬಲ್ ಹಾಯಿಸಲು ಟೊಳ್ಳು ಬಿಟ್ಟ ನೆಲ, ಮರದ ವೇದಿಕೆ, ಇವುಗಳ ಮೇಲೆ ಕಾಲು ಊರಬೇಡಿ. ಒಂದು ಕಡೆಗೆ ತಳ್ಳಿದಾಗ ಯಂತ್ರದ ಬಹುಪಾಲು ಭಾರ ಆ ಕಡೆಯ ಒಂದೋ ಎರಡೋ ಕಾಲಿನ ಮೇಲೆ ಬೀಳುತ್ತದೆ. ಮೆತ್ತಗಿನ ನೆಲವಾದರೆ ಪ್ರತಿ ಕಾಲಿನ ಕೆಳಗೆ ಗಟ್ಟಿ ಮರದ ಅಗಲ ಹಲಗೆ ಇಡಿ. ಇಟ್ಟಿಗೆ ಬೇಡ, ಒಡೆಯುತ್ತದೆ.

ಕೈಯಿಂದ ತಳ್ಳಿಕೊಂಡು ಹೋಗುವ ಯಂತ್ರವನ್ನು ಜನ ಮೇಲಿದ್ದಾಗ ಜರುಗಿಸಬಾರದು. "ಅರ್ಧ ಮೀಟರ್ ಪಕ್ಕಕ್ಕೆ ಅಷ್ಟೇ" ಅಂದರೂ ಕೂಡದು. ಇಳಿಯಿರಿ, ಜರುಗಿಸಿ, ಮತ್ತೆ ಕಾಲು ಊರಿ, ಹತ್ತಿ. ಮೇಲಿರುವಾಗಲೇ ಓಡಾಡಬಲ್ಲ ಯಂತ್ರಗಳು ಬೇರೆ ಜಾತಿಯವು. ಅವುಗಳ ಬುಡ ಭಾರ ಜಾಸ್ತಿ. ಏರಿದ ಕೂಡಲೇ ಕೆಳಗಿನ ತಡೆಪಟ್ಟಿಗಳು ನೆಲದ ಹತ್ತಿರಕ್ಕೆ ಬಂದು, ಚಕ್ರ ಗುಂಡಿಗೆ ಇಳಿದರೂ ಯಂತ್ರ ಮಗುಚದಂತೆ ತಡೆಯುತ್ತವೆ. ವೇಗವೂ ತಾನಾಗಿ ತೀರಾ ಕಡಿಮೆಯಾಗುತ್ತದೆ.

ಗಾಳಿ

ಒಳಾಂಗಣಕ್ಕೆ ಮಾತ್ರ ಅಂತ ಬರೆದಿರುವ ಯಂತ್ರದ ಫಲಕದಲ್ಲಿ ಗಾಳಿಯ ಮಿತಿ ಸೊನ್ನೆ ಇರುತ್ತದೆ. ಅಂದರೆ ಅದನ್ನು ಹೊರಗೆ ಬಳಸುವ ಹಾಗೇ ಇಲ್ಲ. ದೊಡ್ಡ ಶೆಡ್ಡಿನ ಎರಡೂ ಬಾಗಿಲು ತೆರೆದಿದ್ದರೆ ಒಳಗೂ ಗಾಳಿ ಹೊಡೆಯುತ್ತದೆ, ಮುಚ್ಚಿಸಿ.

ಹೊರಗೆ ಬಳಸಬಹುದಾದ ಯಂತ್ರಗಳಿಗೆ ಸಾಮಾನ್ಯ ಮಿತಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ಆ ವೇಗದಲ್ಲಿ ಗಾಳಿ ಪ್ರತಿ ಚದರ ಮೀಟರ್‌ಗೆ ಸುಮಾರು 100 ನ್ಯೂಟನ್ ಒತ್ತುತ್ತದೆ. ನಿಂತ ಮನುಷ್ಯನ ಮೈಗೆ ಸುಮಾರು 70 ನ್ಯೂಟನ್ ಬಿತ್ತು ಅನ್ನಿ. ಈಗ ನೀವು ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಫಲಕ ಹಿಡಿದು ಮೇಲೆ ಹೋಗುತ್ತೀರಿ. ಅದೊಂದಕ್ಕೇ 200 ನ್ಯೂಟನ್! ಮೇಲೆ ಹೇಳಿದ ಪಕ್ಕದ ಮಿತಿ ಪೂರ್ತಿ ಅಲ್ಲೇ ಮುಗಿಯಿತು. ಬ್ಯಾನರ್, ಬೋರ್ಡ್, ಶೀಟ್ ಇವನ್ನು ಕಟಕಟೆಗೆ ಕಟ್ಟಿಕೊಂಡು ಏರಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ ಅನ್ನುವುದೂ ನೆನಪಿರಲಿ. ನೆಲದಲ್ಲಿ ತಣ್ಣಗೆ ಬೀಸುವ ಗಾಳಿ ಮೇಲೆ ಜೋರಾಗಿರುತ್ತದೆ.

2010ರ ಅಕ್ಟೋಬರ್ 27ರಂದು ಅಮೆರಿಕದ ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಅಭ್ಯಾಸದ ವಿಡಿಯೋ ತೆಗೆಯಲು ಒಬ್ಬ ವಿದ್ಯಾರ್ಥಿಯನ್ನು ಕತ್ತರಿ ಲಿಫ್ಟ್ (ಕತ್ತರಿಯ ಹಾಗೆ ಅಡ್ಡಡ್ಡ ಕೂಡಿಸಿದ ತೋಳುಗಳ ಮೇಲೆ ಏರುವ ಯಂತ್ರ) ಹತ್ತಿಸಿದ್ದರು. ಆ ದಿನ ಗಂಟೆಗೆ 80 ಕಿ.ಮೀ. ದಾಟಿ ಗಾಳಿ ಬೀಸುತ್ತಿತ್ತು. ಲಿಫ್ಟ್ ಮಗುಚಿ ಆ ಹುಡುಗ ತೀರಿಕೊಂಡ. ಕತ್ತರಿ ಲಿಫ್ಟ್ ನಮ್ಮ ಮಾಸ್ಟ್ ಲಿಫ್ಟ್‌ಗಿಂತ ಎಷ್ಟೋ ಭಾರದ ಯಂತ್ರ. ಅದೇ ನಿಲ್ಲಲಿಲ್ಲ. ನಾನು ಪ್ರತಿ ತರಗತಿಯಲ್ಲೂ ಈ ಘಟನೆ ಹೇಳುತ್ತೇನೆ. ಹತ್ತಿದವನು ಇಪ್ಪತ್ತು ವರ್ಷದ ಹುಡುಗ. ಹತ್ತಬೇಡ ಅಂತ ಹೇಳಬೇಕಾಗಿದ್ದವರು ಕೆಳಗಿದ್ದರು.

ಬೆಲ್ಟ್ ಕಟ್ಟಬೇಕಾ?

ಇಲ್ಲಿ ತುಂಬ ಗೊಂದಲ ಇದೆ. ನೇರವಾಗಿ ಮೇಲೇರುವ ಯಂತ್ರದಲ್ಲಿ ಸುತ್ತಲ ಕಟಕಟೆಯೇ ಮೊದಲ ರಕ್ಷಣೆ. ಇಎನ್ 280 ಪ್ರಕಾರ ಅದರ ಎತ್ತರ ಕನಿಷ್ಠ 1.1 ಮೀಟರ್. ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು, ಹೊರಕ್ಕೆ ತೆರೆಯಬಾರದು. ಎರಡೂ ಕಾಲು ಪ್ಲಾಟ್‌ಫಾರ್ಮ್ ಮೇಲೆ ಇರುವವರೆಗೆ ನೀವು ಬೀಳುವುದಿಲ್ಲ. ನಡುವಿನ ಸರಳಿನ ಮೇಲೆ ಕಾಲಿಟ್ಟಿರೋ, ಒಳಗೆ ಬಕೆಟ್ ಬೋರಲು ಹಾಕಿ ಹತ್ತಿದಿರೋ, ಆ ರಕ್ಷಣೆ ಹೋಯಿತು. ಕೈಗೆ ಎಟುಕುತ್ತಿಲ್ಲ ಅಂದರೆ ಯಂತ್ರ ಚಿಕ್ಕದಾಯಿತು ಅಂತಲೇ ಅರ್ಥ. ಅಂದಹಾಗೆ, ಜಾಹೀರಾತಿನ "ಕೆಲಸದ ಎತ್ತರ" ಪ್ಲಾಟ್‌ಫಾರ್ಮ್ ಎತ್ತರಕ್ಕೆ 2 ಮೀಟರ್ ಸೇರಿಸಿ ಹೇಳುವ ಲೆಕ್ಕ. ಬಾಡಿಗೆಗೆ ತರುವಾಗ ಪ್ಲಾಟ್‌ಫಾರ್ಮ್ ಎತ್ತರವನ್ನೇ ಕೇಳಿ.

ತಯಾರಕರು ಬೆಲ್ಟ್ ಕಟ್ಟಿ ಅಂದಿದ್ದರೆ ಕಟ್ಟಿ, ಆದರೆ ಹಗ್ಗ ಗಿಡ್ಡ ಇರಬೇಕು. ಕಟಕಟೆ ದಾಟುವುದಕ್ಕೇ ಬಿಡದಷ್ಟು ಗಿಡ್ಡ. ಉದ್ದ ಹಗ್ಗದಲ್ಲಿ ಬಿದ್ದು ಜೋತರೆ ಆ ಜಗ್ಗು ಸಾವಿರಾರು ನ್ಯೂಟನ್ ಇರುತ್ತದೆ. ಬೀಳುವವರನ್ನು ತಡೆಯುವ ಸಲಕರಣೆಗೆ ಯುರೋಪಿನಲ್ಲಿ ಒಪ್ಪುವ ಗರಿಷ್ಠ ಜಗ್ಗು 6,000 ನ್ಯೂಟನ್. 200ಕ್ಕೆ ಲೆಕ್ಕ ಹಾಕಿದ ಯಂತ್ರ ಅದನ್ನು ತಡೆಯುತ್ತಾ? ಹಗ್ಗವನ್ನು ಪ್ಲಾಟ್‌ಫಾರ್ಮ್‌ನಲ್ಲಿ ಗುರುತು ಹಾಕಿದ ಕೊಂಡಿಗೇ ಹಾಕಿ. ಪಕ್ಕದ ತೊಲೆಗೋ ಪೈಪಿಗೋ ಕಟ್ಟಿದರೆ, ಯಂತ್ರ ಇಳಿದಾಗ ನೀವು ಅಲ್ಲೇ ನೇತಾಡುತ್ತೀರಿ.

ಉದ್ದ ತೋಳಿನ ಬೂಮ್ ಲಿಫ್ಟ್ ಕಥೆ ಬೇರೆ. ಅದರ ಚಕ್ರ ಗುಂಡಿಗೆ ಇಳಿದರೆ ತೋಳಿನ ತುದಿ ಚಿಮ್ಮಿ ಮನುಷ್ಯನನ್ನು ಹೊರಗೆ ಎಸೆಯುತ್ತದೆ. ಅಲ್ಲಿ ಬೆಲ್ಟ್ ಕಡ್ಡಾಯ, ಎರಡನೆಯ ಮಾತಿಲ್ಲ.

ಕರೆಂಟ್ ತಂತಿ, ತಲೆಯ ಮೇಲಿನ ತೊಲೆ

ಮಾಸ್ಟ್ ಅಲ್ಯೂಮಿನಿಯಂ. ಶಾಕ್ ತಡೆಯುವ ಯಾವ ವ್ಯವಸ್ಥೆಯೂ ಅದರಲ್ಲಿಲ್ಲ. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಶಾದ ನಿಯಮದಲ್ಲಿ 50 ಕಿಲೋವೋಲ್ಟ್‌ವರೆಗಿನ ತಂತಿಯಿಂದ 10 ಅಡಿ, ಅಂದರೆ ಸುಮಾರು 3 ಮೀಟರ್ ದೂರ ಇರಬೇಕು. ನಾನು ಅದಕ್ಕಿಂತ ದೂರವನ್ನೇ ಇಷ್ಟಪಡುತ್ತೇನೆ. ಮಾಸ್ಟ್ ತೂಗುತ್ತದೆ, ತಂತಿಯೂ ತೂಗುತ್ತದೆ, ಕೈಯಲ್ಲಿ ಪೈಪ್ ಬೇರೆ ಇರುತ್ತದೆ.

ಮೇಲೇರುವಾಗ ಕಣ್ಣು ಮೇಲಿರಲಿ. ಪ್ಯಾನೆಲ್ ಕಡೆ ಬಗ್ಗಿ ಬಟನ್ ನೋಡುತ್ತಾ ಏರುವವರ ಬೆನ್ನಿಗೆ ತೊಲೆ ಬರುತ್ತದೆ. ಬೆನ್ನು ತೊಲೆಗೂ ಎದೆ ಪ್ಯಾನೆಲ್‌ಗೂ ಒತ್ತಿಕೊಂಡರೆ ಮೈಭಾರವೇ ಬಟನ್ ಒತ್ತುತ್ತಾ ಹೋಗಬಹುದು. ಕೂಗಲು ಉಸಿರೂ ಇರುವುದಿಲ್ಲ. ಚಾವಣಿ ಹತ್ತಿರ ಬಂದಾಗ ಬಟನ್ ಬಿಟ್ಟು ಬಿಟ್ಟು ಒತ್ತಿ.

ಪ್ರತಿ ದಿನ ಹತ್ತುವ ಮೊದಲು

ಮಾಸ್ಟ್ ಪೂರ್ತಿ ಇಳಿದಿರುವಾಗ ಒಂದು ಸುತ್ತು ಹಾಕಿ. ನೆಲದಲ್ಲಿ ಎಣ್ಣೆ ಬಿದ್ದಿದೆಯಾ, ಚೈನ್ ಜೋಡಿಯಲ್ಲಿ ಒಂದು ಸಡಿಲ ಇದೆಯಾ, ತುಕ್ಕಿದೆಯಾ, ಬೆಸುಗೆಯಲ್ಲಿ ಬಿರುಕಿದೆಯಾ, ಫಲಕದ ಅಕ್ಷರ ಓದಲು ಬರುತ್ತಾ, ಎಲ್ಲ ನೋಡಿ. ಹೊರುವ ಮಿತಿ ಸಾಮಾನ್ಯವಾಗಿ 136 ಅಥವಾ 159 ಕೆ.ಜಿ. ಇರುತ್ತದೆ. ಅದರಲ್ಲಿ ನಿಮ್ಮ ತೂಕ, ಟೂಲ್ ಬ್ಯಾಗ್, ಬೂಟು, ಸಾಮಾನು ಎಲ್ಲ ಸೇರಿದೆ.

ಆಮೇಲೆ ಕೆಳಗಿನ ಪ್ಯಾನೆಲ್‌ನಿಂದ, ಯಾರೂ ಮೇಲಿಲ್ಲದಾಗ, ಒಂದೆರಡು ಮೀಟರ್ ಏರಿಸಿ ಇಳಿಸಿ. ಏರುತ್ತಿರುವಾಗ ಕೆಂಪು ಎಮರ್ಜೆನ್ಸಿ ಸ್ಟಾಪ್ ಒತ್ತಿ, ತಕ್ಷಣ ನಿಲ್ಲಬೇಕು. ಒಂದು ಔಟ್‌ರಿಗರ್ ಸಡಿಲಿಸಿ ಏರಿಸಲು ನೋಡಿ, ಏರಲೇಬಾರದು. ಏರಿತೋ, ಆ ಯಂತ್ರ ಇವತ್ತು ಬೇಡ.

ಕೈಯಿಂದ ಇಳಿಸುವ ವಾಲ್ವ್ ಬುಡದಲ್ಲಿ ಎಲ್ಲಿದೆ ಅಂತ ಕೆಳಗೆ ನಿಲ್ಲುವವರಿಗೆ ತೋರಿಸಿ. ತೋರಿಸಿದರೆ ಸಾಲದು, ಅವರ ಕೈಯಿಂದಲೇ ಒಮ್ಮೆ ಮಾಡಿಸಿ. ಮೇಲಿರುವವರು ಪ್ರಜ್ಞೆ ತಪ್ಪಿದರೆ, ಶಾಕ್ ಹೊಡೆದರೆ, ತೊಲೆಗೆ ಸಿಕ್ಕಿಕೊಂಡರೆ ಇಳಿಸಬೇಕಾದವರು ಅವರೇ. ಮೇಲೆ ಒಬ್ಬರಿದ್ದಾಗ ಕೆಳಗೆ ಒಬ್ಬರು ಇರಲೇಬೇಕು. ಇದು ನನ್ನ ಕಟ್ಟುನಿಟ್ಟಿನ ಮಾತು. ಫೋನ್ ಹಿಡಿದು ಮೂಲೆಯಲ್ಲಿ ಕೂತವರು ಇದ್ದಂತೆ ಲೆಕ್ಕವಲ್ಲ.

ವರ್ಷಕ್ಕೊಮ್ಮೆ ತಿಳಿದವರಿಂದ ಪೂರ್ತಿ ತಪಾಸಣೆ ಆಗಬೇಕು. ಬ್ರಿಟನ್ನಿನಲ್ಲಿ ಎತ್ತುವ ಸಲಕರಣೆಗಳಿಗಿರುವ 1998ರ ಲೋಲರ್ ನಿಯಮದ ಪ್ರಕಾರ ಜನರನ್ನು ಎತ್ತುವ ಯಂತ್ರಕ್ಕೆ 6 ತಿಂಗಳಿಗೊಮ್ಮೆ. ಆರು ತಿಂಗಳೇ ಸರಿ ಅನ್ನುವುದು ನನ್ನ ಅಭಿಪ್ರಾಯ, ಚೈನಿನ ಸವೆತ ಕೆಲಸ ಜಾಸ್ತಿ ಇದ್ದ ಕಡೆ ಬೇಗ ಬರುತ್ತದೆ. ಬಾಡಿಗೆ ಯಂತ್ರವಾದರೆ ಕೊನೆಯ ತಪಾಸಣೆಯ ತಾರೀಕು ಕೇಳಿ, ಕಾಗದ ನೋಡಿ. ಕಾಗದ ಇಲ್ಲದಿದ್ದರೆ ವಾಪಸ್ ಕಳಿಸಿ.

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಇಡಿ. ಕೆಲಸ ಮುಗಿದ ಮೇಲೆ ಮಾಸ್ಟ್ ಪೂರ್ತಿ ಇಳಿಸಿ ಕೀಲಿ ತೆಗೆದುಕೊಳ್ಳಿ. ಏನಾದರೂ ದೋಷ ಕಂಡಿದ್ದರೆ ಅದನ್ನು ಬರೆದು ಯಂತ್ರಕ್ಕೇ ಕಟ್ಟಿ, ಕೀಲಿಯನ್ನು ಸರ್ವೀಸ್ ಮಾಡುವವರ ಕೈಗೇ ಕೊಡಿ. ಬಾಯಲ್ಲಿ ಹೇಳಿ ಹೋದರೆ ಮುಂದಿನ ಪಾಳಿಯವರಿಗೆ ತಿಳಿಯುವುದಿಲ್ಲ.